ರೂಲ್ಸಪ್ಪನ ಮನೆ ಮುಂದಿನ ಚರಂಡಿ

ಚರಂಡಿ ಕಟ್ಟಿಕೊಂಡಿತ್ತು. ಅದರಲ್ಲೇನೂ ವಿಶೇಷವಿಲ್ಲ, ಚರಂಡಿ ಇರುವುದೇ ಕಟ್ಟಿಕೊಳ್ಳುವುದಕ್ಕೆ ಎಂದು ಊರು ಎಂದೋ ಒಪ್ಪಿಕೊಂಡಿತ್ತು. ಆದರೆ ಇದು ಕಟ್ಟಿಕೊಂಡದ್ದು ಪುರಸಭೆಯ ಚರಂಡಿ ಇಂಜಿನಿಯರ್ ಮನೆಯ ಗೇಟಿನೆದುರಿಗೇ. ಊರಿಗೆಲ್ಲ ಅವನು ರೂಲ್ಸಪ್ಪ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

"ರೀ, ಟ್ಯೂಷನ್ ಮಕ್ಕಳ ತಾಯಂದಿರು ನಿನ್ನೆ ಮೂಗು ಮುಚ್ಚಿಕೊಂಡೇ ಮಾತಾಡಿದ್ರು," ಎಂದಳು ಹೆಂಡತಿ. "ಇವತ್ತು ಸಂಜೆಯೊಳಗೆ ಇದು ಸರಿಹೋಗದಿದ್ರೆ ನಾಳೆಯಿಂದ ಒಂದು ಮಗುವನ್ನೂ ಕಳಿಸಲ್ವಂತೆ. ನಿಮ್ಮ ಸಂಬಳ ಬಾಡಿಗೆಗೆ, ನನ್ನ ಟ್ಯೂಷನ್ ಹೊಟ್ಟೆಗೆ. ನೆನಪಿರಲಿ."

"ನಮ್ಮನೆ ಮುಂದಿನದು ಕಣೇ. ಸ್ವಂತ ಲಾಭ ಇರೋ ಕೆಲಸಕ್ಕೆ ನೌಕರರು ಕೈ ಹಾಕಬಾರದು ಅಂತ ಹೊಸ ನಿಯಮ ಬಂದಿದೆ. ನಾನು ಆ ಫೈಲ್ ಮುಟ್ಟೋ ಹಾಗೇ ಇಲ್ಲ."

"ಲಾಭಾನಾ? ದಿನಾ ಈ ವಾಸನೆ ಕುಡಿಯೋದು ಲಾಭಾನಾ?"

ಎದುರು ಮನೆಯ ಟೈಲರ್ ಕಾಂಪೌಂಡಿನ ಮೇಲಿಂದ ತಲೆ ಹಾಕಿದ. "ಊರಿನ ಚರಂಡಿಗೆಲ್ಲ ಯಜಮಾನರು ನೀವು ಸಾರ್. ನಿಮ್ಮನೆ ಮುಂದೆ ಮಾತ್ರ ಸೊಳ್ಳೆಗಳ ಈಜುಕೊಳ!"

ಹೊಸ ನಿಯಮವನ್ನು ಪುರಸಭೆ ಬಹಳ ಭಕ್ತಿಯಿಂದ ಪಾಲಿಸುತ್ತಿತ್ತು. ರೂಲ್ಸಪ್ಪ ಅಧ್ಯಕ್ಷರ ಕೋಣೆಗೆ ಹೋದಾಗ, ಊರಿನ ಚರಂಡಿಗಳನ್ನೆಲ್ಲ ಶುಚಿ ಮಾಡುವ ಗುತ್ತಿಗೆ ಅವರ ಅಳಿಯನಿಗೆ ಮಂಜೂರಾಗುತ್ತಿತ್ತು.

"ಇವನು ನನ್ನ ಅಳಿಯ ಅಂತ ಎಲ್ಲರೆದುರು ಘೋಷಿಸಿದ್ದೀನಿ. ಮುಚ್ಚುಮರೆ ಏನಿಲ್ಲ," ಎಂದು ಅಧ್ಯಕ್ಷರು ಪೆನ್ನು ತೆಗೆದರು.

"ಘೋಷಿಸಿದ್ರೆ ಸಾಲದು ಸಾರ್. ನೀವು ಕೋಣೆಯಿಂದ ಹೊರಗೆ ಹೋಗ್ಬೇಕು."

"ಓಹೋ, ಹೌದಲ್ಲ!" ಅಧ್ಯಕ್ಷರು ಎದ್ದು ಹೊರಗೆ ಹೋದರು. ವರಾಂಡದ ಗೋಡೆಗೆ ಫೈಲು ಒತ್ತಿ ಹಿಡಿದು, ಸಹಿ ಹಾಕಿ, ಒಳಗೆ ಬಂದರು. "ನಿಯಮ ಅಂದ್ಮೇಲೆ ನಿಯಮ."

ಅಳಿಯ ರೂಲ್ಸಪ್ಪನ ಹೆಗಲ ಮೇಲೆ ಕೈಯಿಟ್ಟ. "ನಿಮ್ಮ ಬೀದಿಯಿಂದಲೇ ಶುರು ಮಾಡ್ಲಾ ಸಾರ್?"

ಆಗ ರೂಲ್ಸಪ್ಪ 'ಹೂಂ' ಅಂದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

"ಬೇಡಪ್ಪಾ ಬೇಡ! ಗುತ್ತಿಗೆದಾರನಿಂದ ಉಪಕಾರ ತಗೊಂಡ ಹಾಗಾಗುತ್ತೆ. ನಮ್ಮದು ಕೊನೆಗಿರಲಿ."

"ನಿಮ್ಮಿಷ್ಟ," ಎಂದ ಅಳಿಯ, ಒಂದು ಬೀದಿಯ ಕೆಲಸ ತಪ್ಪಿದ ಸಂತೋಷದಲ್ಲಿ.

ಮಧ್ಯಾಹ್ನ ರೂಲ್ಸಪ್ಪ ಅರ್ಧ ದಿನ ರಜೆ ಹಾಕಿದ. ಪುರಸಭೆಯ ಸಲಿಕೆ ಮುಟ್ಟಿದರೆ ಸರ್ಕಾರಿ ಸ್ವತ್ತಿನ ದುರ್ಬಳಕೆ. ಹಾಗಾಗಿ ಟೈಲರ್ ಮನೆಯ ಸಲಿಕೆ ಕಡ ತಂದು, ಪ್ಯಾಂಟು ಮಡಚಿ, ತಾನೇ ಚರಂಡಿಗಿಳಿದ. ಪುಕ್ಕಟೆ ಸರ್ಕಸ್ಸು ಬಂದಂತೆ ಬೀದಿಗೆ ಬೀದಿಯೇ ಮಹಡಿ ಹತ್ತಿ ನಿಂತಿತು.

"ಎಡಕ್ಕೆ ಸಾರ್, ಇನ್ನೂ ಎಡಕ್ಕೆ!" ಎಂದು ಟೈಲರ್ ನಿರ್ದೇಶನ ಕೊಟ್ಟ. ಎಡಕ್ಕೆ ಸಿಕ್ಕಿದ್ದು ಕಂತೆಗಟ್ಟಲೆ ಬಟ್ಟೆಚೂರು.

"ಇದು ನಿಮ್ಮದಲ್ವೇನ್ರಿ?"

"ಛೆ ಛೆ! ನನ್ನ ಕಟಿಂಗ್ ಇಷ್ಟು ಸೊಟ್ಟಗಿರಲ್ಲ ಸಾರ್."

ಸಂಜೆಗೆ ನೀರು ಗಳಗಳ ಹರಿಯಿತು. ಮದುವೆಯಾದಾಗಿನಿಂದ ಮೊದಲ ಸಲ ಹೆಂಡತಿ ಅವನನ್ನು ಮೆಚ್ಚುಗೆಯಿಂದ ನೋಡಿದಳು. ವಾಸನೆಗೆ ಹೆದರಿ ದೂರದಿಂದಲೇ. ಅಷ್ಟರಲ್ಲಿ ಅಧ್ಯಕ್ಷರ ಕಾರು ಬಂತು. ಹಿಂದಿನ ಸೀಟಿನಿಂದ ಇಳಿದ ಅಳಿಯ ಫೋನು ತೆಗೆದು ಚರಂಡಿಯ ಫೋಟೋ ಹೊಡೆದ.

"ನೋಡಿ ಮಾವ, ಮೊದಲ ದಿನವೇ ಒಂದು ಬೀದಿ ಮುಗಿಸಿಬಿಟ್ಟೆ!"

"ನೀನೆಲ್ಲಿ ಮುಗಿಸಿದೆ? ನಾನು ಮಾಡಿದ್ದು!" ರೂಲ್ಸಪ್ಪ ಸಲಿಕೆ ಎತ್ತಿ ಕೂಗಿದ. "ಇಡೀ ಬೀದಿ ಸಾಕ್ಷಿ ಇದೆ!"

"ಹೌದು ಹೌದು, ಇವರೇ ಮಾಡಿದ್ದು!" ಎಂದಿತು ಮಹಡಿಗಳ ಮೇಲಿನ ಬೀದಿ, ಒಕ್ಕೊರಲಿನಿಂದ.

ಅಧ್ಯಕ್ಷರ ಮುಖ ಗಂಭೀರವಾಯಿತು. "ಅಂದ್ರೆ, ಗುತ್ತಿಗೆದಾರನ ಕೆಲಸ ನೀವು ಮಾಡಿದ್ದೀರಿ. ಆ ಕೆಲಸ ಸರಿಯಿದೆ ಅಂತ ಬಿಲ್ಲಿಗೆ ಸಹಿ ಹಾಕ್ಬೇಕಾದವರೂ ನೀವೇ. ಅದೂ ನಿಮ್ಮನೆ ಮುಂದೆ, ನಿಮ್ಮ ಲಾಭಕ್ಕೆ! ಇಷ್ಟು ಜನ ಸಾಕ್ಷಿ ಹೇಳಿದ್ಮೇಲೆ ನಾನೇನ್ರಿ ಮಾಡ್ಲಿ? ನಾಳೆಯಿಂದ ಸಸ್ಪೆಂಡ್."

"ವಿಚಾರಣೆ ಇಲ್ದೇನಾ ಸಾರ್?"

"ಉಂಟಲ್ಲ. ವಿಚಾರಣೆ ಮುಗಿದ್ಮೇಲೆ ಕೆಲಸಕ್ಕೆ ವಾಪಸ್ ಬರುವಿರಂತೆ. ಚರಂಡಿ ವಿಷಯ, ಚರಂಡಿ ಇಂಜಿನಿಯರೇ ವಿಚಾರಣೆ ಮಾಡ್ಬೇಕು. ಪುರಸಭೆಗೆ ಇರೋದು ನೀವೊಬ್ಬರೇ. ನಿಮ್ಮ ವಿಚಾರಣೆ ನೀವೇ ಮಾಡ್ಕೊಳ್ಳೋ ಹಾಗಿದೆಯಾ? ನೀವೇ ಹೇಳಿ."

ಕೆಸರು ಸೋರುತ್ತ ನಿಂತು ರೂಲ್ಸಪ್ಪ ಆ ಕಡೆಯಿಂದ ಈ ಕಡೆಯಿಂದ ಯೋಚಿಸಿದ. ಎಲ್ಲೂ ತಪ್ಪು ಸಿಗಲಿಲ್ಲ.

"ಹಾಗಿಲ್ಲ ಸಾರ್," ಎಂದ, ಕೊಂಚ ಹೆಮ್ಮೆಯಿಂದಲೇ.