ಬಲಗಡೆ ಹೂ ಬೀಳದ ಕೇಸು

ಮಂಡ್ಯ ಕೋರ್ಟಿನ ವಕೀಲನಾದ ನಾನು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಕಕ್ಷಿದಾರರ ಜೊತೆಗೇ ಬಂದು ಅದೂ ಬೆಂಚಿನ ಮೇಲೆ ಕೂರುತ್ತದೆ. ಈಚೆಗೆ ಒಂದೇ ಕೇಸಿನಲ್ಲಿ ಮತ್ತೆ ಮತ್ತೆ ಬಂತು.

ಮೂರನೇ ವಕೀಲ

ಕಿರುಗಾವಲು ಕಡೆಯ ಆಲೆಮನೆಯೊಂದರಲ್ಲಿ ಗಾಣಕ್ಕೆ ಕಬ್ಬು ಕೊಡುತ್ತಿದ್ದವನ ಬಲಗೈ ಬೆರಳುಗಳು ಗಾಣಕ್ಕೆ ಸಿಕ್ಕಿದ್ದವು. ಬ್ಯಾಂಡೇಜು ಬಿಚ್ಚುವ ಮೊದಲೇ ಕೋರ್ಟಿನಲ್ಲಿ ಮಾಲೀಕರೊಂದಿಗೆ ರಾಜಿಯಾಗಿ ಅಷ್ಟಿಷ್ಟು ಪರಿಹಾರ ತಗೊಂಡಿದ್ದ. ಬಿಚ್ಚಿ ನೋಡಿದರೆ ಬೆರಳು ಮಡಚುವುದೇ ಇಲ್ಲ. ಆ ರಾಜಿ ರದ್ದಾಗಬೇಕಿತ್ತು, ಆದರೆ ಅರ್ಜಿಯ ಗಡುವು ಮುಗಿದು ತಿಂಗಳುಗಳಾಗಿದ್ದವು. ತಡಕ್ಕೆ ಒಪ್ಪುವಂಥ ಕಾರಣ ಕೊಡದಿದ್ದರೆ ಅವನ ಪಾಲಿಗೆ ಮಡಚದ ಬೆರಳೇ ಗತಿ.

"ಯಾಕಯ್ಯಾ ಇಷ್ಟು ತಡ?"

"ಅರ್ಜಿ ಆಕಕ್ಕೆ ಅಮ್ಮ ಮೊನ್ನೆಗಂಟ ಬಲಗಡೆ ಹೂ ಕೊಡ್ನಿಲ್ಲ ಸಾ."

ಅವರ ಕಡೆ ದೇವಿಯ ಎರಡೂ ಭುಜಕ್ಕೆ ಹೂ ಅಂಟಿಸಿ ಅಪ್ಪಣೆ ಕೇಳುತ್ತಾರೆ. ಬಲಗಡೆಯದು ಬಿದ್ದರೆ ಆಗಲಿ, ಎಡಗಡೆಯದಾದರೆ ಬೇಡ.

"ನನ್ನ ಹತ್ರ ಬರೋಕೂ ಕೇಳಿದ್ರಾ?" ಎಂದೆ, ಸ್ವಲ್ಪ ಜಂಬದಿಂದಲೇ.

ಜೊತೆಗೆ ಬಂದಿದ್ದ ಅವನ ಹೆಂಡತಿ ಹೇಳಿದಳು: "ಬಲಗಡೆ ಬಿದ್ದಿದ್ದು ಮದ್ದೂರಿನ ಇಬ್ರು ಲಾಯರ್‌ಗೆ ಸಾ. ಅವ್ರು ಫೋನ್ ಎತ್ನಿಲ್ಲ. ನಿಮ್ಗೆ ಯಾವ ಕಡೇದೂ ಬೀಳ್ನಿಲ್ಲ. ಓಗ್ಲಿ ಬುಡು ಅಂತ ಬಂದೊ."

ಸಾಕ್ಷಿ

ಕಾರಣ ನಿಜವೆಂದು ಹೇಳಲು ಪೂಜಾರಿಯೇ ಸರಿ ಎಂದು ನಾನೇ ಗುಡಿಗೆ ಹೋದೆ.

"ಬತ್ತೀನಿ ಸ್ವಾಮಿ, ಅದ್ರಲ್ಲೇನು. ಆದ್ರೆ ಒಂದ್ಮಾತು ಅಮ್ಮನ್ನ ಕೇಳ್ಬೇಕು" ಎಂದು ಪೂಜಾರಿ ಹೂ ಅಂಟಿಸಿದರು. ಕಣ್ಣು ಮುಚ್ಚಿ ಬಿಡುವುದರೊಳಗೆ ಎಡಗಡೆಯದು ಬಿತ್ತು.

"ಅಮ್ಮಂಗೂ ಕೋರ್ಟು ಅಂದ್ರೆ ಆಗಕ್ಕಿಲ್ಲ" ಎಂದು ಪೂಜಾರಿ ನೆಮ್ಮದಿಯಿಂದ ನನಗೆ ತೀರ್ಥ ಕೊಟ್ಟರು.

ಗೌಡರ ಹರಕೆ

ಸಾಕ್ಷಿ ಇಲ್ಲದಿದ್ದರೇನು, ನನ್ನ ಬಾಯಿ ಇದೆಯಲ್ಲ ಎಂದುಕೊಂಡು ವಾದಕ್ಕೆ ನಿಂತೆ. ಎದುರು ಕಡೆಯ ವಕೀಲರು ನಕ್ಕುಬಿಟ್ಟರು. "ಹೂವೂ ಇಲ್ಲ, ಗುಡಿಯೂ ಇಲ್ಲ ಸ್ವಾಮಿ. ಇದೆಲ್ಲ ಕಟ್ಟುಕಥೆ."

ಹಿಂದಿನ ಬೆಂಚಿನಲ್ಲಿದ್ದ ಆಲೆಮನೆ ಮಾಲೀಕರಾದ ಗೌಡರು ಎದ್ದು ನಿಂತರು. "ಅಮ್ಮನ್ನ ಅಂಗೆಲ್ಲ ಅನ್ಬೇಡಿ ಸಾ. ಇವ್ನು ಮಂಗಳವಾರ ಮಂಗಳವಾರ ಬತ್ತಿದ್ದ. ಅವ್ಳು ಎಡಗಡೇನೇ ಕೊಡೋಳು. ನಾನೇ ಕಂಡಿವ್ನಿ."

ಅವರ ವಕೀಲರು ಕೈಸನ್ನೆ ಮಾಡಿದರು. ಗೌಡರು ಅತ್ತ ನೋಡಲಿಲ್ಲ.

"ನೀವು ಅಲ್ಲಿ ಏನು ಮಾಡ್ತಿದ್ರಿ?" ನ್ಯಾಯಾಧೀಶರು ಕೇಳಿದರು.

"ಗಡುವು ಮುಗಿಯೋಗಂಟ ಇವ್ನು ಅರ್ಜಿ ಆಕ್ದಂಗೆ ನೋಡ್ಕೊಳವ್ವ ಅಂತ ಕೇಳ್ಕತಿದ್ದೆ. ನಂಗೆ ಬಲಗಡೆ ಕೊಟ್ಲು."

ನ್ಯಾಯಾಧೀಶರು ಫೈಲನ್ನು ಮುಖಕ್ಕೆ ಅಡ್ಡ ಹಿಡಿದು ಬಹಳ ಹೊತ್ತು ಓದಿದರು. ಆಮೇಲೆ, ತಡವಾದ ಕಾರಣವನ್ನು ಎದುರು ಪಕ್ಷದವರೇ ಒಪ್ಪಿದ್ದಾರೆಂದು ಅರ್ಜಿಯನ್ನು ವಿಚಾರಣೆಗೆ ತೆಗೆದುಕೊಂಡರು. ಬಿಡಿ, ಗೆಲ್ಲುತ್ತೇವೆಂದು ನನಗೆ ಆಗಲೇ ಗೊತ್ತಾಯಿತು.

ಮೆಟ್ಟಿಲಿಳಿಯುವಾಗ ಗೌಡರು ನನ್ನ ಕಕ್ಷಿದಾರನ ಬೆರಳುಗಳನ್ನು ಹಿಡಿದು ನೋಡಿ ಲೊಚಗುಟ್ಟಿದರು. "ಮಂಗಳವಾರ ಅಮ್ಮನ ತಾವ ಬತ್ತೀಯೇನ್ಲಾ?"

"ಬತ್ತೀನಿ ಗೌಡ್ರೆ" ಎಂದ ಅವನು. "ಈ ಸಲ ಮೊದ್ಲು ನಾನು ಕೇಳ್ತೀನಿ."