ಐವತ್ತೆರಡು ಕಿಲೋ ಮರಳು

ಬೆಳಿಗ್ಗೆ ಆರು ಗಂಟೆಗೆ ತಕ್ಕಡಿ ಸಾಹೇಬರು ಒಂದು ಮರಳಿನ ಮೂಟೆಗೆ ತೀರಿಹೋದ ಹೆಂಡತಿಯ ರೇನ್‌ಕೋಟು ತೊಡಿಸಿದರು. ಆ ದಿನದ ರಾದ್ಧಾಂತಕ್ಕೆಲ್ಲ ಕಾರಣ ಇಷ್ಟೇ.

ಮಳೆ ಹನಿಯುತ್ತಿತ್ತು, ಮೂಟೆ ಇದ್ದದ್ದು ಬೈಕಿನ ಸೈಡ್‌ಕಾರಿನಲ್ಲಿ. ಮರಳು ನೀರು ಕುಡಿದರೆ ತೂಕ ಹೆಚ್ಚುತ್ತದೆ, ತೂಕ ಹೆಚ್ಚಿದರೆ ಬೈಕು ಎಡಕ್ಕೆ ಎಳೆಯುತ್ತದೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿ, ಅಂಗಡಿ ಅಂಗಡಿಯ ತಕ್ಕಡಿಗೆ ಮುದ್ರೆ ಒತ್ತಿ ನಿವೃತ್ತರಾದವರು ಈ ವಿಷಯದಲ್ಲಿ ಉದಾಸೀನ ಮಾಡುವಂತಿರಲಿಲ್ಲ. ಕೋಟಿನ ಟೋಪಿ ಗಾಳಿಗೆ ಪಟಪಟ ಹೊಡೆದುಕೊಳ್ಳದಿರಲಿ ಎಂದು ಮೂಟೆಯ ಗಂಟಿನ ಮೇಲೆ ಹೆಂಡತಿಯ ಹೆಲ್ಮೆಟನ್ನೂ ಕೂರಿಸಿದರು. ಉರುಳದಿರಲಿ ಎಂದು ಬೆಲ್ಟು ಬಿಗಿದರು.

ಬೈಕು ಅವರಿಗಿಂತ ಹಳೆಯದು. ಅದರ ಎಡಕ್ಕೆ ಒಂಟಿ ಚಕ್ರದ ಸೈಡ್‌ಕಾರು, ಯಾರೋ ತೊಟ್ಟಿಲಿಗೆ ಮೂಗು ಅಂಟಿಸಿ ಬೀದಿಗೆ ಬಿಟ್ಟಂತೆ. ಗುಜರಿಯವನ ಹಿತ್ತಲಿನಲ್ಲಿ ಮೊದಲು ಕಂಡಾಗ ಅದರೊಳಗೆ ಕೋಳಿಯೊಂದು ಕಾವಿಗೆ ಕೂತಿತ್ತು. ಅದಕ್ಕೂ ಹಿಂದಿನ ವರ್ಷ ಗಂಡ ಹೆಂಡತಿ ಇದ್ದ ಮನೆ ಮಾರಿ ಹಳೆಯ ಮಿನಿಬಸ್ಸೊಂದನ್ನೇ ಮನೆ ಮಾಡಿಕೊಂಡಿದ್ದರು. ಹಿಂದೆ ಹಾಸಿಗೆ, ನಡುವೆ ಒಲೆ, ಡ್ರೈವರ್ ಸೀಟಿನ ಬೆನ್ನಿಗೆ ಬಟ್ಟೆಯ ಕಪಾಟು. ಅಂಥವೇ ಮನೆಬಸ್ಸುಗಳು ನಿಲ್ಲುವ ಮೈದಾನವೊಂದರಲ್ಲಿ ಜಾಗ ಹಿಡಿದಿದ್ದರು. ಅಲ್ಲಿಂದ ಊರೂರು ಸುತ್ತಬೇಕೆಂಬುದು ಯೋಜನೆ. ಬೈಕು ಬಂದ ದಿನ ಯೋಜನೆ ನಿಂತಿತು.

"ಚಕ್ರದ ಮೇಲೆ ಮನೆ ಮಾಡಿದ್ದು ಸಾಲದು ಅಂತ ಇದೊಂದು ಬೇರೆ," ಎಂದಿದ್ದರು ಹೆಂಡತಿ. "ರಿಪೇರಿ ಆದ ದಿನ ಮೊದಲು ಕೂರೋಳು ನಾನು. ಆಮೇಲೆ ಬೇಕಾದ್ರೆ ಕೋಳಿ ಕೂರಲಿ."

ಸೈಡ್‌ಕಾರನ್ನು ಜೋಡಿಸುವಾಗ, ಅದರಲ್ಲಿ ಕೂರುವವರ ತೂಕಕ್ಕೆ ತಕ್ಕಂತೆ ಬೈಕನ್ನು ಕೊಂಚ ಆಚೆ ವಾಲಿಸಿ ಬೋಲ್ಟು ಬಿಗಿಯಬೇಕು. ಇಲ್ಲದಿದ್ದರೆ ಗಾಡಿ ನೆಟ್ಟಗೆ ಓಡುವುದಿಲ್ಲ. ಖಾಲಿಯಿದ್ದರಂತೂ ಎಡ ತಿರುವಿನಲ್ಲಿ ಸೈಡ್‌ಕಾರು ನೆಲ ಬಿಟ್ಟು ಏಳುತ್ತದೆ. ಅದಕ್ಕಾಗಿ ಹೆಂಡತಿ ಒಂದು ಮಧ್ಯಾಹ್ನ ಪೂರ್ತಿ ನಿಂತ ಗಾಡಿಯಲ್ಲಿ ಕೂತು, ಮಡಿಲಲ್ಲಿ ಬೋಗುಣಿ ಇಟ್ಟುಕೊಂಡು ಬಟಾಣಿ ಸುಲಿದಿದ್ದರು. ಸಾಹೇಬರು ದಾರ, ಹಲಗೆ ಹಿಡಿದು ನೆಲದಲ್ಲಿ ತೆವಳುತ್ತ, "ಬೋಗುಣಿ ಕೆಳಗಿಡೇ, ಲೆಕ್ಕ ತಪ್ಪುತ್ತೆ," ಎಂದು ಗದರುತ್ತಲೇ ಇದ್ದರು. ಆಕೆ ಇಡಲಿಲ್ಲ. ಕಾರ್ಬ್ಯುರೇಟರ್ ಇನ್ನೂ ಬರಬೇಕಾಗಿತ್ತು. ಅದು ಬರುವ ಹೊತ್ತಿಗೆ ಆಕೆ ಇರಲಿಲ್ಲ.

ಮಗಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಅಮ್ಮ ಹೋದ ವಾರವೇ, "ಬಸ್ಸಲ್ಲಿ ಒಬ್ನೇ ಇರೋದು ಬೇಡಪ್ಪ, ನನ್ನ ಮನೇಲಿ ರೂಮಿದೆ," ಎಂದಿದ್ದಳು. "ಬೈಕ್ ಒಂದು ಮುಗೀಲಿ," ಎಂದು ಸಾಹೇಬರು ಮುಂದೂಡಿದ್ದರು. ಬೈಕು ಕೆಲವು ದಿನಗಳ ಹಿಂದೆ ಮುಗಿದಿತ್ತು. ಅದನ್ನು ಅವರು ಮಗಳಿಗೆ ಹೇಳಿರಲಿಲ್ಲ. ಹೆಂಡತಿಯ ಜೊತೆ ಬಾಳಿದ ಕೊನೆಯ ಜಾಗ ಆ ಬಸ್ಸು. ಅದನ್ನು ಬಿಟ್ಟು ಹೋಗಲು ಅವರಿಗೆ ಮನಸ್ಸಿರಲಿಲ್ಲ.

ಆ ಬೆಳಿಗ್ಗೆ ಮಳೆಯಲ್ಲಿ ಮೈದಾನದ ಗೇಟು ದಾಟುವಾಗ, ಸೆಲ್ಯೂಟಿಗೆಂದು ಎತ್ತಿದ ವಾಚ್‌ಮನ್ನನ ಕೈ ಅರ್ಧಕ್ಕೇ ನಿಂತಿತು. ಸೈಡ್‌ಕಾರಿನಲ್ಲಿ ಕೆಂಪು ಕೋಟಿನ ಹೆಂಗಸು. ಸಾಹೇಬರು ಅತ್ತ ಬಾಗಿ ಏನೋ ಹೇಳಿ ನಕ್ಕರು. ಸ್ವಲ್ಪ ಹೊತ್ತಿಗೆ ಹಾಗೆಯೇ ಮಾತಾಡುತ್ತ ವಾಪಸು ಬಂದರು. ಬಸ್ಸಿನ ಹಿಂದೆ ಗಾಡಿ ನಿಲ್ಲಿಸಿ, ಕೋಟು ಬಿಚ್ಚಿ ಹಗ್ಗಕ್ಕೆ ಹಾಕಿ, ಮೂಟೆಯ ಸಮೇತ ಗಾಡಿಗೆ ಟಾರ್ಪಾಲು ಹೊದಿಸಿದರು.

"ಹೋಗಿದ್ದು ನೋಡಿದೆ, ಬಂದದ್ದು ನೋಡಿದೆ," ಎಂದ ವಾಚ್‌ಮನ್, ಪಕ್ಕದ ಮನೆಬಸ್ಸಿನ ನಿವೃತ್ತ ನರ್ಸಮ್ಮನಿಗೆ. "ಆಮೇಲೆ ಮತ್ತೆ ಗೇಟು ದಾಟಿ ಆಚೆ ಹೋಗಿದ್ದು ನೋಡಿಲ್ಲ. ಅಂದ್ರೆ ಒಳಗೇ ಇದ್ದಾರೆ."

"ನಾನು ಯಾರ ವಿಷಯಕ್ಕೂ ತಲೆ ಹಾಕೋಳಲ್ಲ," ಎಂದರು ನರ್ಸಮ್ಮ. "ವಯಸ್ಸೆಷ್ಟು?"

"ಮುಖ ಕಾಣ್ಲಿಲ್ಲ. ಗಟ್ಟಿ ಆಸಾಮಿ. ಆ ದೊಡ್ಡ ಗುಂಡಿಗೆ ಚಕ್ರ ಬಿದ್ರೂ ಮಿಸುಕಾಡ್ಲಿಲ್ಲ."

"ಬೆನ್ನು ಹಿಡ್ಕೊಂಡಿರುತ್ತೆ," ಎಂದು ನರ್ಸಮ್ಮ ರೋಗ ಗುರುತಿಸಿದರು. ತಿಂಡಿ ಹೊತ್ತಿಗೆ ಎರಡು ಲೋಟ ಟೀ ಹಿಡಿದು ಸಾಹೇಬರ ಬಾಗಿಲಿಗೆ ಬಂದರು.

"ಇದೇನು ಸಿಸ್ಟರ್, ಎರಡು?"

"ಬೇಕಾಗುತ್ತೆ."

"ನಾನು ಒಂದೇ ಕುಡಿಯೋದು."

"ನೀವು ಒಂದೇ ಕುಡೀರಿ," ಎಂದು ಅವರು ಸಾಹೇಬರ ಹೆಗಲ ಮೇಲಿಂದ ಒಳಗೆ ಇಣುಕಿದರು. ಬಚ್ಚಲ ಬಾಗಿಲು ಮುಚ್ಚಿತ್ತು. ನರ್ಸಮ್ಮನಿಗೆ ಅಷ್ಟೇ ಸಾಕಾಯಿತು.

ಪಾಪ, ಈಕೆಗೆ ಮರೆವು ಶುರುವಾಗಿದೆ ಎಂದುಕೊಂಡ ಸಾಹೇಬರು, ಹಾಳಾಗುವುದೇಕೆಂದು ಎರಡೂ ಲೋಟ ಕುಡಿದು ತೊಳೆದು ಹಿಂದಿರುಗಿಸಿದರು. ಆ ಎರಡು ಖಾಲಿ ಲೋಟಗಳು ಮೈದಾನ ಪೂರ್ತಿ ಸುತ್ತಿ ಸಾಕ್ಷಿ ಹೇಳಿದವು.

ಸಾಕ್ಷಿ ಕೇಳಿಸಿಕೊಂಡವರಲ್ಲಿ ಟೈಲರ್ ಒಬ್ಬ. ಅವನು ಮೂರನೆಯ ಮನೆಬಸ್ಸಿನಲ್ಲಿ ಮಿಷನ್ ಇಟ್ಟುಕೊಂಡಿದ್ದ. ಹಗ್ಗದ ಮೇಲಿದ್ದ ಕೆಂಪು ಕೋಟನ್ನು ಬೆರಳಿನಿಂದ ಸವರುತ್ತ ನಿಂತ.

"ಸಾಹೇಬ್ರೇ, ಇದು ಸರಿಯಾಗಿ ಕೂರುತ್ತಾ?"

ಬೆಳಿಗ್ಗೆ ಮೂಟೆಯನ್ನು ಇವನೂ ನೋಡಿದ್ದಾನೆಂದೇ ಸಾಹೇಬರು ತಿಳಿದರು. "ಎಲ್ಲಿ ಕೂರುತ್ತಪ್ಪ. ಭುಜದ ಹತ್ರ ಜಾರುತ್ತೆ, ಹೊಟ್ಟೆ ಹತ್ರ ಬಿಗಿ. ಗುಂಡಿ ಹಾಕ್ಬೇಕಾದ್ರೆ ನಾನು ಮಂಡಿ ಊರಬೇಕಾಯ್ತು."

ಟೈಲರ್ ನಾಚಿದ. ಮದುವೆಯಾಗಿ ಇಷ್ಟು ವರ್ಷವಾದರೂ ಅವನು ಹೆಂಡತಿಗೆ ಗುಂಡಿ ಹೊಲಿದುಕೊಟ್ಟಿದ್ದನೇ ಹೊರತು ಒಂದು ದಿನವೂ ಹಾಕಿಕೊಟ್ಟಿರಲಿಲ್ಲ. ಈ ಸುದ್ದಿಯನ್ನೂ ಸೇರಿಸಿಕೊಂಡು, ಯಾರ ವಿಷಯಕ್ಕೂ ತಲೆ ಹಾಕದ ನರ್ಸಮ್ಮ ಸಾಹೇಬರ ಮಗಳಿಗೆ ಫೋನು ಮಾಡಿದರು.

ಮಗಳು ಪಾಠ ಬಿಟ್ಟು, ಸಿಕ್ಕ ಬಸ್ಸು ಹತ್ತಿ ಮಧ್ಯಾಹ್ನ ಬಂದಳು. ಒಳಗೆ ಬಂದವಳೇ ಡ್ರೈವರ್ ಸೀಟನ್ನು ಹಿಂದಕ್ಕೆ ತಿರುಗಿಸಿ, ಅಪ್ಪನಿಗೆ ಎದುರಾಗಿ ಕೂತಳು. ಮೂವರು ಹಿತೈಷಿಗಳು ಬಾಗಿಲಲ್ಲಿ ನಿಂತರು.

"ಅಪ್ಪ, ನಂಗೆ ಕೋಪ ಇಲ್ಲ. ಅರ್ಧ ದಾರಿವರೆಗೂ ಇತ್ತು. ಆಮೇಲೆ ಯೋಚನೆ ಮಾಡ್ದೆ, ಬಿಡು, ಒಬ್ನೇ ಇಲ್ವಲ್ಲ ಅಂತ."

"ಯಾರು ಒಬ್ನೇ ಇಲ್ಲ?"

"ಎಲ್ಲಾ ಗೊತ್ತಾಗಿದೆ. ಬೆಳಿಗ್ಗೆ ಕೂರಿಸ್ಕೊಂಡು ಹೋಗಿದ್ದು, ಟೀ ಕುಡಿದಿದ್ದು, ಗುಂಡಿ ಹಾಕಿದ್ದು. ನಿಂಗೆ ಜೊತೆ ಅಂತ ಒಬ್ರು ಇದ್ರೆ ನಾನು ಬಲವಂತ ಮಾಡಲ್ಲ. ನೀನು ಇಲ್ಲೇ ಇರು. ಆ ರೂಮ್ ಯಾರಿಗಾದ್ರೂ ಬಾಡಿಗೆಗೆ ಕೊಡ್ತೀನಿ."

ಸಾಹೇಬರಿಗೆ ಆಗ ಎರಡನೆಯ ಲೋಟ ಯಾರದ್ದೆಂದು ಹೊಳೆಯಿತು. ನಿಜ ಬಾಯಿಯ ತನಕ ಬಂದಿತ್ತು. ಅದನ್ನು ನುಂಗಿದರು. ಒಂದು ಗ್ರಾಮಿಗೂ ಯಾರನ್ನೂ ಬಿಡದ ಮನುಷ್ಯ, ಜೀವನದಲ್ಲಿ ಮೊದಲ ಸಲ ತಕ್ಕಡಿಯ ಮೇಲೆ ಬೆರಳಿಟ್ಟರು.

"ಹೇಗಿದ್ದಾರೆ ಅವ್ರು?" ಎಂದಳು ಮಗಳು.

"ಮಾತು ಕಡಿಮೆ."

"ಅಮ್ಮನ ಥರ ಅಲ್ಲ ಹಾಗಾದ್ರೆ."

"ಅಲ್ಲ."

"ಇಷ್ಟು ಸಣ್ಣ ಜಾಗದಲ್ಲಿ ಹೊಂದ್ಕೊಂಡು ಇರ್ತಾರಾ?"

"ಕೂರಿಸಿದ ಕಡೆ ಕೂತಿರ್ತಾರೆ. ಏನೂ ಬೇಕು ಅನ್ನಲ್ಲ."

"ಅಂಥವರು ಈಗ ಎಲ್ಲಿ ಸಿಗ್ತಾರೆ," ಎಂದು ನರ್ಸಮ್ಮ ಬಾಗಿಲಿನಿಂದ ನಿಟ್ಟುಸಿರಿಟ್ಟರು.

"ಎಲ್ಲಿ ಸಿಕ್ಕಿದ್ದು ನಿಂಗೆ?"

"ಹೊಳೆ ಹತ್ರ."

ಮಗಳು ನಕ್ಕಳು. ಕರಿ, ನೋಡ್ತೀನಿ ಎಂದು ಎದ್ದವಳು ಕಿಟಕಿಯಾಚೆ ನೋಡಿ ಹಾಗೇ ನಿಂತಳು. ಹಗ್ಗದ ಮೇಲೆ ಕೆಂಪು ಕೋಟು ಅಲ್ಲಾಡುತ್ತಿತ್ತು.

"ಅದು ಅಮ್ಮಂದು," ಎಂದಳು. ಡ್ರೈವಿಂಗ್ ಸ್ಕೂಲಿನ ಗಟ್ಟಿ ದನಿ ಎಲ್ಲೋ ಕಳೆದುಹೋಗಿತ್ತು. "ಗುಂಡಿ ಹಾಕಿದ್ದು ಅದಕ್ಕಾ? ಬಸ್ ಕೊಡು, ಬೈಕ್ ಕೊಡು, ನಾನು ಕೇಳಲ್ಲ. ಅದನ್ನ ಯಾಕಪ್ಪ ಕೊಟ್ಟೆ ಅವ್ರಿಗೆ?"

ಸಾಹೇಬರಿಗೆ ಅದನ್ನು ತಡೆಯಲಾಗಲಿಲ್ಲ. ಇಳಿದು ಬಸ್ಸಿನ ಹಿಂದಕ್ಕೆ ನಡೆದರು. ಎಲ್ಲರೂ ಹಿಂಬಾಲಿಸಿದರು. ಟಾರ್ಪಾಲು ಎಳೆದರು. ಮೂಟೆ ಬೆಲ್ಟು ಬಿಗಿದುಕೊಂಡು ಗಂಭೀರವಾಗಿ ಕೂತಿತ್ತು.

ಮೊದಲು ನಕ್ಕಿದ್ದು ವಾಚ್‌ಮನ್. ಆ ಭುಜ ನೋಡಿದಾಗಲೇ ನಂಗೆ ಅನುಮಾನ ಬಂದಿತ್ತು ಎಂದ, ಭುಜವನ್ನು ನೋಡಿಯೇ ಇರದ ಟೈಲರ್. ನರ್ಸಮ್ಮ ಮಾತ್ರ, "ನನ್ನ ಟೀ ಕುಡಿದಿದ್ದು ಯಾರು ಹಾಗಾದ್ರೆ?" ಎಂದು ಕೇಳಿ ಉತ್ತರಕ್ಕೆ ಕಾಯದೆ ಹೋದರು. ಮಗಳಂತೂ ಸೈಡ್‌ಕಾರಿನ ಅಂಚು ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸಾಹೇಬರಿಗೂ ಹಗುರವಾಯಿತು. ಕಳ್ಳ ತೂಕವೂ ಇಲ್ಲ, ಕೋಟಿನ ಮರ್ಯಾದೆಯೂ ಉಳಿಯಿತು.

"ಎಷ್ಟಿದೆ ಇದು?" ಎಂದಳು ಮಗಳು ಕಣ್ಣೊರೆಸಿಕೊಳ್ಳುತ್ತ.

"ಐವತ್ತೆರಡು ಕಿಲೋ."

ಮಗಳ ನಗು ನಿಂತಿತು. ಬಟಾಣಿ ಸುಲಿದ ದಿನ ಅಮ್ಮ ಫೋನಿನಲ್ಲಿ ದೂರಿದ್ದಳು: ನಿಮ್ಮಪ್ಪ ನನ್ನನ್ನ ಮೂಟೆ ಥರ ತೂಗಿದ್ರು ಕಣೇ, ಐವತ್ತೆರಡು ಅಂತೆ.

ಉಳಿದಿಬ್ಬರೂ ಹೋದ ಮೇಲೆ ಅವಳು ಮೆಲ್ಲಗೆ ಕೇಳಿದಳು, "ಗೇಟ್ ಹತ್ರ ಮಾತಾಡ್ತಾ ಇದ್ದೆಯಂತೆ. ಏನು ಹೇಳ್ತಿದ್ದೆ?"

ಸಾಹೇಬರು ಟಾರ್ಪಾಲು ಮಡಿಸುವುದರಲ್ಲಿ ಮಗ್ನರಾದರು. ಮಡಿಸಿದ್ದನ್ನು ಬಿಚ್ಚಿ ಮತ್ತೊಮ್ಮೆ ಮಡಿಸಿದರು.

"ಬೋಗುಣಿ ಕೆಳಗಿಡು ಅಂತ," ಎಂದರು.

ಮಗಳು ಅಪ್ಪನ ಕೈಯಿಂದ ಟಾರ್ಪಾಲು ಇಸಕೊಂಡಳು.

"ನಿಜವಾಗಲೂ ಹೆಂಗಸಿದ್ದಿದ್ರೆ ಬಿಟ್ಟು ಹೋಗ್ತಿದ್ದೆ ಅಪ್ಪ. ಈಗ ಹೇಗೆ ಬಿಟ್ಟು ಹೋಗ್ಲಿ? ಬಟ್ಟೆ ತುಂಬಿಕೋ. ಬಸ್ಸೂ ನಮ್ಮ ಜೊತೆ ಬರ್ಲಿ."

ಮರುದಿನ ಬೆಳಿಗ್ಗೆ ಮಗಳು ಮನೆಬಸ್ಸು ಓಡಿಸಿಕೊಂಡು ಮುಂದೆ ಹೊರಟಳು. ಸಾಹೇಬರು ಬೈಕಿನಲ್ಲಿ ಹಿಂದೆ, ಸೈಡ್‌ಕಾರಿನಲ್ಲಿ ಮೂಟೆ. ಗೇಟಿನಲ್ಲಿ ವಾಚ್‌ಮನ್ ಈ ಸಲ ಸೆಲ್ಯೂಟು ಪೂರ್ತಿ ಹೊಡೆದ. ಕೋಟನ್ನು ಮಗಳು ಮಡಿಸಿ ತನ್ನ ಚೀಲಕ್ಕೆ ಹಾಕಿಕೊಂಡಿದ್ದಳು. ಅರ್ಧ ದಾರಿಗೆ ಮಳೆ ಹಿಡಿಯಿತು. ಮರಳು ನೀರು ಕುಡಿಯಿತು. ಅಲ್ಲಿಂದ ಮಗಳ ಮನೆಯವರೆಗೂ ಗಾಡಿ ಎಡಕ್ಕೇ ಎಳೆಯಿತು.