ಬಾಯಿಲ್ಲದ ನಾಯಕನೂ ನಮ್ಮ ಮಾವನೂ

ಡ್ರ್ಯಾಗನ್ ಮಲಗುವ ಗುಹೆಗೆ ಚಕ್ಕುಬಂದಿ ಬರೆಯಬಲ್ಲ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇರುವುದು. ಅವರಿರುವುದು ಶಿಕಾರಿಪುರದಲ್ಲಿ. ನನ್ನ ಗ್ರಹಚಾರ ನೋಡಿ, ಅವರು ನಮ್ಮ ಮಾವ!

ಮಾವ ಎಂದರೆ ನನ್ನ ಸೋದರತ್ತೆಯ ಗಂಡ. ಕಸುಬು ಆಸ್ತಿಪತ್ರ ಬರೆಯುವುದು. ನೋಂದಣಿ ಕಚೇರಿಯ ಎದುರು ಮೇಜು ಹಾಕಿಕೊಂಡು ಊರವರ ಹೊಲ, ಗದ್ದೆ, ಮನೆಗಳನ್ನೆಲ್ಲ ಚಕ್ಕುಬಂದಿ ಬರೆದು ನಾಲ್ಕು ದಿಕ್ಕಿನಿಂದ ಕಟ್ಟಿಹಾಕಿದ ಮಹಾನುಭಾವರು. ಕೈಬರಹ ಹೋಗಿ ಟೈಪಿಂಗ್ ಬಂದಾಗ ಮನೆಗೊಂದು ಕಂಪ್ಯೂಟರ್ ಬಂತು. ಅದರ ಬೆನ್ನಿಗೇ ಗೇಮ್ ಬಂತು. ಬೇರೆಯವರ ಮನೆಯ ಮಾವಂದಿರು ಇಸ್ಪೀಟು ಆಡುತ್ತಾರೆ. ನಮ್ಮ ಮಾವ ಕತ್ತಿ ಹಿಡಿದು ಊರೂರು ಅಲೆಯುವ, ಸಿಕ್ಕವರನ್ನೆಲ್ಲ ಮಾತಾಡಿಸುವ, ಮುಗಿಯಲು ವರ್ಷವೇ ಹಿಡಿಯುವ ಆಟ ಆಡುತ್ತಾರೆ.

ಅತ್ತೆ ತೀರಿಕೊಂಡು ಎರಡು ವರ್ಷವಾಯಿತು. ಮಕ್ಕಳಿಲ್ಲ. ಪ್ರತಿ ಭಾನುವಾರ ನಾನು ಸೊರಬದಿಂದ ಬಸ್ಸು ಹತ್ತಿ, ಒಂದು ಡಬ್ಬಿ ರೊಟ್ಟಿ-ಪಲ್ಯ ಹಿಡಿದು ಹೋಗಿ ನೋಡಿಕೊಂಡು ಬರುತ್ತೇನೆ. ಅಡುಗೆಮನೆಯಲ್ಲಿ ತೊಳೆದು ಬೋರಲು ಹಾಕಿದ ಒಂದು ತಟ್ಟೆ, ಒಂದು ಲೋಟ. ಆದರೆ ಕಂಪ್ಯೂಟರ್ ಮುಂದೆ ಎರಡು ಕುರ್ಚಿ! ಎರಡನೆಯದರಲ್ಲಿ ಕೂರಲು ಹೋದರೆ ಮಾವ ಬಿಡುವುದಿಲ್ಲ.

"ಬ್ಯಾಡವ್ವ, ಅದರ ಕಾಲು ಸಡ್ಲ ಆಗೇತಿ. ಮಂಚದ ಮ್ಯಾಲೆ ಕುತ್ಕ."

ಎರಡು ವರ್ಷದಿಂದ ಒಂದು ಮೊಳೆ ಹೊಡೆಸಲಾಗದ ಮನುಷ್ಯ ಲೋಕೋದ್ಧಾರಕ್ಕೆ ಹೊರಟಿದ್ದಾರಲ್ಲ ಎಂದು ನಾನು ಮಂಚದ ಮೇಲೆಯೇ ಕೂರುತ್ತಿದ್ದೆ.

ಚಕ್ಕುಬಂದಿಯ ವಿಷಯಕ್ಕೆ ಬರೋಣ. ಒಮ್ಮೆ ಅವರ ಹಳೆಯ ಡೈರಿ ತೆರೆದು ನೋಡುತ್ತೇನೆ, ದುಂಡು ಅಕ್ಷರದಲ್ಲಿ ಬರೆದಿದೆ: "ಸದರಿ ಗುಹೆಯ ಪೂರ್ವಕ್ಕೆ ಹಾಳು ಕೋಟೆ, ಪಶ್ಚಿಮಕ್ಕೆ ಮಾಟಗಾತಿಯ ಮನೆ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ನಾನು ಸತ್ತ ಜಾಗ."

"ಇದೆಂತ ಮಾವ, ನೀವು ಸತ್ತ ಜಾಗ?"

"ನಾಕು ಸಲ ಅಲ್ಲೇ ಸತ್ತೀನಿ. ಅದಕ್ಕಿಂತ ಖಾಯಂ ಗುರುತು ಯಾವ್ದೈತಿ?"

ಇಂಥ ಆಟಗಳ ನಾಯಕರಲ್ಲಿ ಎರಡು ಪಂಗಡ. ಒಬ್ಬನಿಗೆ ಬಾಯಿ ಇದೆ. ಅವನ ಮಾತನ್ನೆಲ್ಲ ಯಾರೋ ನಟ ಮೊದಲೇ ಆಡಿಟ್ಟಿರುತ್ತಾನೆ. ಇನ್ನೊಬ್ಬನಿಗೆ ಬಾಯಿಲ್ಲ. ಎದುರಿನವರು ಎಷ್ಟೇ ಕೂಗಾಡಲಿ, ಕಂಬದ ಹಾಗೆ ನಿಂತಿರುತ್ತಾನೆ. ಪರದೆಯ ಕೆಳಗೆ ಮೂರೋ ನಾಲ್ಕೋ ಉತ್ತರ ಬರುತ್ತವೆ, ಆಡುವವರು ಒಂದನ್ನು ಒತ್ತಬೇಕು. ಮಾವನಿಗೆ ಈ ಮೂಗನೇ ಆಗಬೇಕು. ಮೂಗನ ಆಟ ಹಳೆಯದು, ನಾಲ್ಕು ಸಲ ಮುಗಿಸಿದ್ದಾರೆ, ಆದರೂ ಅದೇ!

ಅದನ್ನು ಆಡುವ ಚಂದವೋ! ಎದುರಿನವರ ಇಂಗ್ಲಿಷ್ ಮಾತನ್ನು ಮಾವ ಗಟ್ಟಿಯಾಗಿ ಪತ್ರದ ಕನ್ನಡಕ್ಕೆ ಇಳಿಸುತ್ತಾರೆ. ಆಮೇಲೆ ಮೌಸಿನಿಂದ ಕೈ ತೆಗೆದು ಸುಮ್ಮನೆ ಕೂರುತ್ತಾರೆ. ಒಂದು ನಿಮಿಷ. ಎರಡು ನಿಮಿಷ.

"ಒತ್ತಿ ಮಾವ, ಅಲ್ಲಿ ಊರಿಗೆ ಬೆಂಕಿ ಬಿದ್ದದೆ!"

"ಬೀಳ್ಲಿ ಬಿಡು. ಓದಿ ಹೇಳಬೇಕು, ಬರೆಸಿಕೊಡೋರು ಹೂಂ ಅನ್ನಬೇಕು, ಆಮ್ಯಾಲೆ ಸಹಿ. ಅದು ಪದ್ಧತಿ."

ಕಚೇರಿಯ ಪದ್ಧತಿ ತಲೆಗೆ ಹತ್ತಿದೆ ಎಂದುಕೊಂಡೆ. ಸೊರಬಕ್ಕೆ ಬಂದು ಮನೆಯವರಿಗೆಲ್ಲ ನಟಿಸಿ ತೋರಿಸಿ ನಗಿಸಿದೆ ಕೂಡ.

ಆದರೂ ಆ ಮನೆಯ ಮೌನ ನನಗೆ ಸಹಿಸಲಾಗುತ್ತಿರಲಿಲ್ಲ. ಒಂದು ದನಿಯಾದರೂ ಇರಲಿ ಎಂದು ಹೋದ ತಿಂಗಳು ಹೊಸ ಆಟವೊಂದನ್ನು ಹಾಕಿಸಿಕೊಟ್ಟೆ. ಅದರ ನಾಯಕ ಬಾಯಿ ಇರುವವನು. ಎಂಥ ಬಾಯಿ ಅಂತೀರಿ! ಬಾಗಿಲು ತೆಗೆದರೆ ಒಂದು ಮಾತು, ಮುಚ್ಚಿದರೆ ಎರಡು. ಮಾವ ಹತ್ತು ನಿಮಿಷ ನೋಡಿದರು, ಮುಚ್ಚಿದರು.

"ಇವ ಉಸಿರು ಬಿಡಾಕೂ ಪುರುಸೊತ್ತು ಕೊಡಲ್ಲ. ತೆಗೆದುಬಿಡವ್ವ."

ನನಗೆ ಸಿಟ್ಟು ಬಂತು. "ನಿಮಗಾಗಿ ತಂದಿದ್ದು ಮಾವ! ದಿನವೆಲ್ಲ ಒಬ್ಬರೇ ಇರ್ತೀರಿ. ಆ ಮೂಗನ ಜೊತೆ ಎಷ್ಟು ದಿನ ಅಂತ ಸುಮ್ಮನೆ ಕೂರ್ತೀರಿ?"

ಮಾವ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು.

"ಅವ ಮೂಗ ಆಗಿರಲಿಲ್ಲವ್ವ. ನಿಮ್ಮತ್ತಿ ಈ ಕುರ್ಚಿ ಮ್ಯಾಲೆ ಕುತ್ಕಂಡು ಬೀನ್ಸ್ ಮುರೀತಿದ್ಲು. ನಾನು ಓದಿ ಹೇಳ್ತಿದ್ದೆ, ಅವನ ಪಾಲಿನ ಉತ್ತರ ಎಲ್ಲ ಅವಳೇ ಕೊಡ್ತಿದ್ಲು. ನಾನು ಬರೇ ಒತ್ತೋನು. ಈ ಹೊಸಬ ಎಲ್ಲಾನೂ ತಾನೇ ಮಾತಾಡಿಬಿಟ್ರೆ, ಅವಳ ಮಾತಿಗೆ ಜಾಗ ಎಲ್ಲೈತಿ ಹೇಳು?"

ನಾನು ಮನೆಯವರಿಗೆಲ್ಲ ನಟಿಸಿ ತೋರಿಸಿದ್ದ ಆ ಎರಡು ನಿಮಿಷ ಯಾರಿಗಾಗಿ ಎಂದು ಆಗ ತಿಳಿಯಿತು. ನಾಚಿಕೆಯಾಯಿತು. ಮಂಚದಿಂದೆದ್ದು ಮಾವನ ಬೆನ್ನ ಹಿಂದೆ ಬಂದು ನಿಂತೆ.

ಮಾವ ಹಳೆಯ ಆಟವನ್ನೇ ಹಾಕಿದರು. ಅರಮನೆ, ಸಿಂಹಾಸನ, ರಾಜ. ಮೂಗ ಎದುರಿಗೆ ನಿಂತ. ರಾಜನ ಮಾತನ್ನು ಮಾವ ಓದಿ ಹೇಳಿದರು: "ಸದರಿ ಯೋಧನಾದ ನಿನಗೆ ನಮ್ಮಿಂದ ಏನಾಗಬೇಕೆಂಬುದನ್ನು ಈ ಕೂಡಲೇ ತಿಳಿಸತಕ್ಕದ್ದು."

ಮೌಸಿನಿಂದ ಕೈ ತೆಗೆದರು. ಒಂದು ನಿಮಿಷ. ಪಕ್ಕದ ಮನೆಯ ಕುಕ್ಕರ್ ಕೂಗಿ ಸುಮ್ಮನಾಯಿತು. ಪರದೆಯ ಮೇಲೆ ರಾಜ ಕಾಯುತ್ತಿದ್ದ, ಮೂಗ ಕಾಯುತ್ತಿದ್ದ, ಮಾವ ಕಾಯುತ್ತಿದ್ದರು.

ಹೇಗೆ ಬಂತೋ ಗೊತ್ತಿಲ್ಲ, ನನ್ನ ಬಾಯಿಂದ ಬಂತು. ನಮ್ಮ ಸೊರಬದ ಮಾತು, ಅತ್ತೆಯದೇ ರಾಗ: "ಎಂತದೂ ಬೇಡ ಮಾರಾಯ! ಮೊದಲು ಕೂರಕ್ಕೆ ಹೇಳು. ಬಂದಾಗಿಂದ ನಿಂತೇ ಇದೀನಿ!"

ಮಾವ ತಿರುಗಿ ನೋಡಲಿಲ್ಲ. ಎಡಗೈ ಚಾಚಿ ಪಕ್ಕದ ಕುರ್ಚಿಯನ್ನು ಮೆಲ್ಲಗೆ ನನ್ನ ಕಡೆ ಎಳೆದರು.

"ಅದರ ಕಾಲು ಸಡಿಲ ಅಲ್ವಾ ಮಾವ?" ಎಂದೆ.

"ಗಟ್ಟಿ ಐತಿ. ಕುತ್ಕ," ಎಂದರು.